ಅಟ್ಟದ ಮೇಲಿನ ಲ್ಯಾಟಿನ್

ನಮ್ಮ ತಿಪಟೂರು ಕಡೆ ‘ಟೆಂಡರ್’ ಅನ್ನೋ ಪದ ಎರಡು ದಿಕ್ಕಿನಿಂದ ಊರೊಳಗೆ ಬರುತ್ತೆ. ಒಂದು, ಎಪಿಎಂಸಿ ಮಾರುಕಟ್ಟೆ ಕಡೆಯಿಂದ. ಅಲ್ಲಿ ಕೊಬ್ಬರಿ ಮಾರಾಟವಾಗೋದು ಟೆಂಡರ್‌ನಲ್ಲಿ. ‘ಇವತ್ತು ಟೆಂಡರ್ ಎಷ್ಟಕ್ಕೆ ಹೋಯ್ತಂತೆ?’ ಅನ್ನೋದು ನಮ್ಮಲ್ಲಿ ‘ಊಟ ಆಯ್ತಾ?’ ಅನ್ನೋವಷ್ಟೇ ಮಾಮೂಲಿ ಪ್ರಶ್ನೆ. ಇನ್ನೊಂದು, ಬೆಂಗಳೂರಿನ ಕಡೆಯಿಂದ. ಸಿಟಿಯಲ್ಲಿ ‘ಟೆಂಡರ್ ಕೊಕನಟ್’ಗೆ ಬೇಡಿಕೆ ಹೆಚ್ಚಾದಂತೆಲ್ಲ ಎಳನೀರು ವ್ಯಾಪಾರಿಗಳ ಗಾಡಿಗಳು ಸೀದಾ ತೋಟದ ಬದುವಿಗೇ ಬಂದು ನಿಲ್ಲುತ್ತವೆ.

ತೆಂಗು ಬೆಳೆಯೋರ ತಲೆಬಿಸಿಯೆಲ್ಲ ಈಗ ಈ ಎರಡು ಟೆಂಡರ್‌ಗಳ ನಡುವೆಯೇ ಇದೆ. ಎಳನೀರಿಗೇ ಕೊಟ್ಟು ಇವತ್ತೇ ಕಾಸು ಎಣಿಸಿಕೊಳ್ಳೋದಾ, ಇಲ್ಲಾ ಕಾಯಿ ಬಲಿಯೋವರೆಗೂ ಕಾದು, ಅಟ್ಟಕ್ಕೆ ಹಾಕಿ, ಕೊಬ್ಬರಿ ಮಾಡಿ, ಮುಂದಿನ ವರ್ಷದ ರೇಟಿಗೆ ದೇವರ ಮೇಲೆ ಭಾರ ಹಾಕೋದಾ? ನಮ್ಮಪ್ಪ ಪ್ರತಿ ಸಲ ಫೋನ್ ಮಾಡಿದಾಗಲೂ ಈ ಲೆಕ್ಕ ನನ್ನ ಮುಂದೆ ಇಡುತ್ತಾರೆ. ನನ್ನ ಸಲಹೆ ಅವರು ಕೇಳೋದಿಲ್ಲ, ಆದರೆ ನಾನು ಕೇಳಿಸಿಕೊಳ್ಳಬೇಕು.

ತಮಾಷೆ ಏನಪ್ಪಾ ಅಂದ್ರೆ, ಈ ಎರಡು ಟೆಂಡರ್‌ಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಸ್ಪೆಲಿಂಗ್ ಒಂದೇ, ಉಚ್ಚಾರ ಒಂದೇ, ಹುಟ್ಟಿದ ಮನೆ ಮಾತ್ರ ಬೇರೆ ಬೇರೆ. ಎಳನೀರಿನ ಟೆಂಡರ್ ಬಂದಿದ್ದು ‘ಟೆನೆರ್’ ಅನ್ನೋ ಲ್ಯಾಟಿನ್ ಪದದಿಂದ. ಹಾಗಂದ್ರೆ ಎಳೆಯದು, ಮೆತ್ತಗಿರೋದು. ಮಾರುಕಟ್ಟೆಯ ಟೆಂಡರ್ ಬಂದಿದ್ದು ‘ಟೆಂಡೆರೆ’ ಅನ್ನೋ ಕ್ರಿಯಾಪದದಿಂದ. ಹಾಗಂದ್ರೆ ಎಳೆಯೋದು, ಚಾಚೋದು. ಕೈ ಚಾಚಿ ‘ಇಗೋ, ಇಷ್ಟು ಕೊಡ್ತೀನಿ’ ಅನ್ನೋದೇ ಟೆಂಡರ್. ಇದೇ ಬೇರಿನಿಂದ ‘ಅಟೆಂಡ್’, ‘ಎಕ್ಸ್‌ಟೆಂಡ್’ ಎಲ್ಲ ಹುಟ್ಟಿವೆ. ನಮ್ಮಜ್ಜಿಯಿಂದ ಹಿಡಿದು ನಮ್ಮ ಟೀಂ ಲೀಡ್‌ವರೆಗೆ ಎಲ್ಲರೂ ಮಾಡಿಕೊಳ್ಳೋ ‘ಟೆನ್ಷನ್’ ಕೂಡ ಅಲ್ಲಿಂದಲೇ ಬಂದಿದ್ದು. ಎಳೆದು ಬಿಗಿದ ಹಗ್ಗ, ಅಷ್ಟೇ.

ಮೇಲಿನ ಪ್ಯಾರಾ ಬರೆಯುವಾಗ ನನಗೇ ಒಂದು ಕಡೆ ಪೆನ್ನು ನಿಂತಿತು. (ಪೆನ್ನು ಅಂದ್ರೆ ಕೀಬೋರ್ಡು. ಆ ‘ಪೆನ್’ ಕೂಡ ಲ್ಯಾಟಿನ್ನಿನದೇ, ‘ಪೆನ್ನಾ’ ಅಂದ್ರೆ ಹಕ್ಕಿ ಗರಿ.) ಗಮನಿಸಿ: ಕನ್ನಡದಲ್ಲೂ ಎಳೆಯ ಕಾಯಿಗೆ ‘ಎಳೆ’, ಹಗ್ಗ ಜಗ್ಗೋದಕ್ಕೂ ‘ಎಳೆ’. ಇಲ್ಲೂ ಎರಡು ಬೇರೆ ಪದಗಳು ಕಾಲ ಕಳೆದಂತೆ ಒಂದೇ ರೂಪಕ್ಕೆ ಬಂದಿವೆ. ಹಳಗನ್ನಡದಲ್ಲಿ ಜಗ್ಗುವ ‘ಎೞೆ’ಗೆ ಈಗ ಬಳಕೆ ತಪ್ಪಿಹೋಗಿರೋ ೞ ಅಕ್ಷರವಿತ್ತು. ಎಳೆಯದಕ್ಕೆ ಮಾಮೂಲಿ ಳ. ೞ ಹೋದ ಮೇಲೆ ಎರಡೂ ಒಂದೇ ಆದವು. ಇನ್ನೂ ಒಂದಿದೆ. ಕನ್ನಡದ ‘ನೀಡು’ ಅನ್ನೋ ಪದಕ್ಕೆ ಕೊಡು ಅಂತಲೂ ಅರ್ಥ, ಚಾಚು ಅಂತಲೂ ಅರ್ಥ. ರೋಮಿನವನಿಗೆ ಚಾಚೋದೇ ಮುಂದೆ ಕೊಡುವ ಮಾತಾದ ಹಾಗೆ, ನಮ್ಮ ಹಿರಿಯರಿಗೂ ಆಗಿದೆ. ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ. ಕೊಡಬೇಕಾದರೆ ಯಾರಾದರೂ ಕೈ ಚಾಚಲೇಬೇಕಲ್ಲ!

ಈ ಹುಚ್ಚು ನನಗೆ ಹತ್ತಿದ್ದು ಹೇಗೆ ಅಂತ ಹೇಳಬೇಕಾದರೆ ನನ್ನ ಬಿಇ ಮೊದಲ ಸೆಮಿಸ್ಟರಿನ ರೂಂಮೇಟ್ ಬಗ್ಗೆ ಹೇಳಬೇಕು.

ನಾನು ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಯವನು. ಅವನು ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಕಡೆಯವನು. ಇಬ್ಬರೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಬ್ಬರ ಮನೆಯಲ್ಲೂ ತೆಂಗು. ಕಾಲೇಜಿನ ಹೆಸರು ಬೇಡ. ಅಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಪಾಠ ಶುರುವಾದ ವಾರದಲ್ಲೇ ‘ಈಕ್ವಿಲಿಬ್ರಿಯಂ’, ‘ಇನರ್ಷಿಯಾ’, ‘ರಿಸಲ್ಟೆಂಟ್’ ಅಂತ ಪದಗಳು ಆಲಿಕಲ್ಲಿನ ಹಾಗೆ ಬೀಳೋಕೆ ಶುರುವಾದವು. ಕ್ಲಾಸಿನಲ್ಲಿ ಪ್ರಶ್ನೆ ಕೇಳಬೇಕಾದರೆ ಇಂಗ್ಲಿಷಿನಲ್ಲೇ ಕೇಳಬೇಕು. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ರಾತ್ರಿ ರೂಮಿನಲ್ಲಿ ನನಗೆ ಪಾಠ ಹೇಳಿಕೊಡ್ತಿದ್ದವನು ಅವನೇ.

‘ಮನೆ ಮೇಲೆ ವಾಲಿರೋ ತೆಂಗಿನ ಮರಕ್ಕೆ ಎರಡು ಕಡೆಯಿಂದ ತಂತಿ ಬಿಗಿದು ನಿಲ್ಲಿಸಲ್ವೇನೋ? ಒಂದು ತಂತಿ ಈ ಕಡೆ ಎಳೀತದೆ, ಇನ್ನೊಂದು ಆ ಕಡೆ. ಮರ ಎಲ್ಲಿಗೂ ಹೋಗಲ್ಲ. ಅದೇ ಕಣೋ ಇದು’ ಅಂದಿದ್ದ. ನನಗೆ ಈಕ್ವಿಲಿಬ್ರಿಯಂ ಅರ್ಥವಾಗಿದ್ದು ಆ ರಾತ್ರಿ. ಪರೀಕ್ಷೆಯಲ್ಲಿ ನಾನು ಪಾಸಾದೆ, ಅವನು ಆಗಲಿಲ್ಲ. ಅವನಿಗೆ ವಿಷಯ ಗೊತ್ತಿತ್ತು, ಅದನ್ನು ಇಂಗ್ಲಿಷಿನ ವಾಕ್ಯದಲ್ಲಿ ಕೂರಿಸೋದು ಬರುತ್ತಿರಲಿಲ್ಲ. ಎರಡನೇ ಸೆಮಿಸ್ಟರಿನಲ್ಲೂ ಸಬ್ಜೆಕ್ಟ್‌ಗಳು ಉಳಿದವು. ‘ಅಗ್ರಿಗೇಟ್ ಅರವತ್ತು ಇಲ್ಲದಿದ್ರೆ ಯಾವ ಕಂಪನಿಯೂ ಒಳಗೆ ಬಿಡಲ್ಲ’ ಅಂತ ಸೀನಿಯರ್‌ಗಳು ಹೆದರಿಸಿದರು. ಮೂರನೇ ಸೆಮಿಸ್ಟರ್ ಶುರುವಾಗುವಾಗ ಅವನ ಮಂಚ ಖಾಲಿ ಇತ್ತು. ಟ್ರಂಕು ತಗೊಂಡು ಊರಿಗೆ ಹೋಗಿದ್ದ.

ನಾನು ಪದಗಳ ಬೇರು ಹುಡುಕೋಕೆ ಶುರು ಮಾಡಿದ್ದು ಕೆಲಸಕ್ಕೆ ಸೇರಿ ಸುಮಾರು ವರ್ಷಗಳಾದ ಮೇಲೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ಸಿಕ್ಕಿತು. ಪ್ರತಿ ಪದದ ಕೊನೆಯಲ್ಲೂ ಚೌಕ ಕಂಸದೊಳಗೆ ಅದರ ಹುಟ್ಟು ಕೊಟ್ಟಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಮೊದಲು ಯಾವ ಪದ ನೋಡ್ತಾನೆ ಹೇಳಿ? ಕಂಪ್ಯೂಟ್. ಲ್ಯಾಟಿನ್ನಿನ ‘ಕಂಪುಟಾರೆ’ಯಿಂದ ಬಂದಿದೆ. ‘ಕಂ’ ಅಂದ್ರೆ ಜೊತೆಗೆ, ‘ಪುಟಾರೆ’ ಅಂದ್ರೆ ಲೆಕ್ಕ ಹಾಕು, ಯೋಚಿಸು. ಇಷ್ಟೇ ಆಗಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದೆ. ಆದರೆ ‘ಪುಟಾರೆ’ಗೆ ಇನ್ನೊಂದು ಅರ್ಥವೂ ಇತ್ತು: ಗಿಡ ಸವರು, ಬೇಡದ ರೆಂಬೆ ಕಡಿದು ಚೊಕ್ಕ ಮಾಡು. ದ್ರಾಕ್ಷಿ ತೋಟದವನು ಬಳ್ಳಿ ಸವರುವ ಕೆಲಸ. ಬೇಡದ್ದನ್ನು ತೆಗೆದು ಚೊಕ್ಕ ಮಾಡೋದರಿಂದ ಬಾಕಿ ಚುಕ್ತಾ ಮಾಡೋದು, ಅಲ್ಲಿಂದ ಲೆಕ್ಕ ಹಾಕೋದು, ಅಲ್ಲಿಂದ ಯೋಚಿಸೋದು. ಕೈಕಾಲು ಕತ್ತರಿಸೋ ‘ಆಂಪ್ಯುಟೇಟ್’, ಜಗಳದ ‘ಡಿಸ್ಪ್ಯೂಟ್’, ಮಾನದ ‘ರೆಪ್ಯುಟೇಷನ್’ ಎಲ್ಲ ಇದೇ ಬಳ್ಳಿಯ ಕುಡಿಗಳು.

ನಮ್ಮಪ್ಪ ಮರ ಹತ್ತಿಸಿ, ಒಣಗಿದ ಗರಿ, ಎಡೆಮಟ್ಟೆ ಎಲ್ಲ ಕೆಡವಿಸಿ ಸುಳಿ ಚೊಕ್ಕ ಮಾಡಿಸ್ತಾರೆ. ನಾನು ಎಸಿ ರೂಮಿನಲ್ಲಿ ಕೂತು ಹಳೇ ಕೋಡಿನಲ್ಲಿ ಬೇಡದ್ದನ್ನು ಕಿತ್ತು ಹಾಕ್ತೀನಿ. ರೋಮಿನ ರೈತ ಬಂದು ನೋಡಿದರೆ ಇಬ್ಬರ ಕೆಲಸಕ್ಕೂ ಒಂದೇ ಪದ ಹೇಳಿಯಾನು.

ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ‘ಕ್ಯಾಲ್ಕುಲೇಟ್’ ನೋಡಿದೆ. ‘ಕ್ಯಾಲ್ಕುಲಸ್’ ಅಂದ್ರೆ ಲ್ಯಾಟಿನ್ನಿನಲ್ಲಿ ಬೆಣಚುಕಲ್ಲು, ಎಣಿಸೋಕೆ ಇಟ್ಟುಕೊಳ್ಳೋ ಸಣ್ಣ ಕಲ್ಲು. ಕಿಡ್ನಿಯಲ್ಲಿ ಕಲ್ಲಾದರೂ ಡಾಕ್ಟರು ಸ್ಕ್ಯಾನ್ ರಿಪೋರ್ಟಿನಲ್ಲಿ ‘ಕ್ಯಾಲ್ಕುಲಸ್’ ಅಂತಲೇ ಬರೆಯೋದು. ಪಿಯುಸಿಯಲ್ಲಿ ನನ್ನ ನಿದ್ದೆ ಕೆಡಿಸಿದ ಕ್ಯಾಲ್ಕುಲಸ್ ಅಂದ್ರೆ ಒಂದು ಕಲ್ಲು! ನಮ್ಮ ಮನೆಯಲ್ಲಿ ಕಾಯಿ ಎಣಿಸುವಾಗ ನೂರಾದ ಕೂಡಲೇ ಒಂದು ಕಾಯಿ ಪಕ್ಕಕ್ಕೆ ಇಡೋರು. ಕೊನೆಗೆ ಪಕ್ಕದ ಕಾಯಿ ಎಣಿಸಿದರೆ ಎಷ್ಟು ನೂರು ಅಂತ ಗೊತ್ತಾಗುತ್ತೆ. ಅವರದು ಕಲ್ಲು, ನಮ್ಮದು ಕಾಯಿ.

‘ರೈವಲ್’ ಅಂದ್ರೆ ಪ್ರತಿಸ್ಪರ್ಧಿ, ಗೊತ್ತೇ ಇದೆ. ಮೂಲ ‘ರೀವುಸ್’, ಅಂದ್ರೆ ತೊರೆ, ಕಾಲುವೆ. ಒಂದೇ ಕಾಲುವೆಯಿಂದ ನೀರು ತಗೊಳ್ಳೋರು ‘ರಿವಾಲಿಸ್’. ಇದಕ್ಕೆ ನನಗೆ ಯಾವ ಡಿಕ್ಷನರಿಯ ವಿವರಣೆಯೂ ಬೇಕಾಗಲಿಲ್ಲ. ಗೊರೂರಿನಿಂದ ಹೇಮಾವತಿ ನಾಲೆ ತಿಪಟೂರು, ತುರುವೇಕೆರೆ ಕಡೆ ಹರಿದು ಬರುತ್ತೆ. ಯಾವ ಕೆರೆಗೆ ಮೊದಲು ನೀರು, ಯಾರ ತೂಬು ಎಷ್ಟು ದಿನ ತೆಗೆದಿರಬೇಕು ಅನ್ನೋದರ ಮೇಲೆ ಊರೂರಿಗೆ ಮಾತು ಬಿಟ್ಟಿದ್ದನ್ನ ನೋಡಿಕೊಂಡೇ ಬೆಳೆದವರು ನಾವು. ಆಫೀಸಿನಲ್ಲಿ ಪ್ರಮೋಷನ್ನಿಗೆ ಹೊಡೆದಾಡೋರನ್ನ ರೈವಲ್ ಅಂತಾರಲ್ಲ, ಅವರೂ ಒಂದೇ ತೂಬಿನ ಮುಂದೆ ನಿಂತವರೇ.

‘ಡೆಲಿರಿಯಂ’ ಅಂದ್ರೆ ಜ್ವರದ ಬಡಬಡಿಕೆ. ಮೂಲದಲ್ಲಿ ‘ಡೆ’ ಅಂದ್ರೆ ಆಚೆ, ‘ಲೀರಾ’ ಅಂದ್ರೆ ನೇಗಿಲ ಸಾಲು. ಉಳುವಾಗ ಸಾಲು ಬಿಟ್ಟು ಹೋದವನು. ‘ವರ್ಸ್’ ಅಂದ್ರೆ ಪದ್ಯದ ಸಾಲು. ಅದರ ಮೂಲ ‘ವೆರ್ಸುಸ್’, ಅಂದ್ರೆ ಹೊಲದ ಕೊನೆಗೆ ಹೋಗಿ ನೇಗಿಲು ತಿರುಗಿಸಿ ಬರೋದು, ಆ ಸಾಲು. ನಾವು ದಿನಾ ಬಿಡುಗಡೆ ಮಾಡೋ ‘ವರ್ಷನ್’ ಕೂಡ ಅದೇ ತಿರುಗೋ ಬೇರಿನದು. ‘ಸೆಮಿನಾರ್’ ಅಂದ್ರೆ ಬೀಜ ಹಾಕಿ ಸಸಿ ಎಬ್ಬಿಸೋ ಮಡಿ. ಹೆದರಿಸಿದ್ದರಲ್ಲ, ಆ ‘ಅಗ್ರಿಗೇಟ್’? ‘ಗ್ರೆಕ್ಸ್’ ಅಂದ್ರೆ ಕುರಿಮಂದೆ. ಚದುರಿದ್ದನ್ನ ಮಂದೆಗೆ ಸೇರಿಸೋದು ಅಗ್ರಿಗೇಟ್, ಮಂದೆಯಿಂದ ಬೇರೆ ಮಾಡೋದು ‘ಸೆಗ್ರಿಗೇಟ್’. ಅರವತ್ತು ಪರ್ಸೆಂಟ್ ಇಲ್ಲದವನನ್ನು ಮಂದೆಯಿಂದ ಹೊರಗೆ ಹಾಕೋ ನಿಯಮಕ್ಕೆ ಎಷ್ಟು ಸರಿಯಾದ ಹೆಸರು ಇಟ್ಟಿದ್ದಾರೆ ನೋಡಿ.

ಇನ್ನು ‘ಫೋಕಸ್’. ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರು ಹತ್ತು ಸಲ ಹೇಳೋ ಪದ. ಲ್ಯಾಟಿನ್ನಿನಲ್ಲಿ ಫೋಕಸ್ ಅಂದ್ರೆ ಮನೆಯ ಒಲೆ. ಜರ್ಮನಿಯ ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಇದನ್ನು ಗಣಿತದ ಅರ್ಥದಲ್ಲಿ ಬಳಸಿದ. ಭೂತಗಾಜಿನಲ್ಲಿ ಬಿಸಿಲೆಲ್ಲ ಒಂದು ಕಡೆ ಸೇರಿ ಉರಿ ಹತ್ತೋ ಜಾಗ ಅದಲ್ಲವೇ, ಹಾಗಾಗಿ ಒಲೆ. ನಮ್ಮೂರಲ್ಲಿ ಚಳಿಗಾಲದ ಬೆಳಗ್ಗೆ ಕಾಯಿಮಟ್ಟೆ, ಚಿಪ್ಪು ಹಾಕಿ ಉರಿಸೋ ಹಂಡೆ ಒಲೆ ಮುಂದೆ ಮನೆ ಮಂದಿಯೆಲ್ಲ ಬಂದು ಕೂರ್ತಾರೆ. ಫೋಕಸ್ ಅಂದ್ರೆ ಅದು. ಇದೇ ಕೆಪ್ಲರ್ ಭೌತಶಾಸ್ತ್ರಕ್ಕೆ ‘ಇನರ್ಷಿಯಾ’ ಪದವನ್ನೂ ತಂದ. ಮೂಲ ಪದ ‘ಇನೆರ್ಸ್’, ಅಂದ್ರೆ ಕಸುಬು ಬಾರದವನು, ಸೋಮಾರಿ. ತಾನಾಗಿ ಅಲ್ಲಾಡದೆ ಬಿದ್ದಿರೋ ವಸ್ತುವಿಗೆ ಸೋಮಾರಿತನ ಅಂತ ಹೆಸರಿಟ್ಟ, ಅಷ್ಟೇ. ಈಕ್ವಿಲಿಬ್ರಿಯಂನ ಒಳಗೆ ಕೂತಿರೋದು ‘ಲಿಬ್ರಾ’, ಅಂದ್ರೆ ತಕ್ಕಡಿ. ಎರಡೂ ತಟ್ಟೆ ಸಮ ಇರೋ ತಕ್ಕಡಿ.

ಇಲ್ಲಿಗೆ ಬರೋ ಹೊತ್ತಿಗೆ ನನಗೆ ಖುಷಿಯ ಜೊತೆಗೆ ಸಣ್ಣ ಸಿಟ್ಟೂ ಬಂದಿತ್ತು. ಕಲ್ಲು, ತಕ್ಕಡಿ, ಒಲೆ, ಕುರಿಮಂದೆ, ನೇಗಿಲ ಸಾಲು, ಕಾಲುವೆ ನೀರು. ನನ್ನ ರೂಂಮೇಟ್‌ಗೆ ಇದರಲ್ಲಿ ಯಾವುದು ಗೊತ್ತಿರಲಿಲ್ಲ? ಬ್ಲ್ಯಾಕ್‌ಬೋರ್ಡಿನ ಮೇಲೆ ದೊಡ್ಡ ಮನುಷ್ಯರ ಹಾಗೆ ನಿಂತಿದ್ದ ಪದಗಳೆಲ್ಲ ಹೊಲಗದ್ದೆಯಿಂದಲೇ ಎದ್ದು ಹೋದವು. ದೂರದಿಂದ, ತುಂಬ ಹಳೆಯ ಕಾಲದಿಂದ ಬಂದಿವೆ ಅನ್ನೋದೇ ಅವುಗಳ ಗತ್ತು. ಮಣ್ಣು ಒರೆಸಿಕೊಂಡು ಬಂದಿರೋದರಿಂದ ನಮಗೆ ಗುರುತು ಸಿಗಲ್ಲ.

ಹಾಗಂತ ಲ್ಯಾಟಿನ್ ನಮ್ಮ ಕಡೆಗೆ ಇಂಗ್ಲಿಷಿನವರ ಜೊತೆಗೇ ಮೊದಲು ಬಂತು ಅಂದುಕೊಳ್ಳಬೇಡಿ. ನೀವು ತಿಪಟೂರಿನಿಂದ ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳೀತೀರಲ್ಲ, ಅದೇ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಆ ಬೆಳ್ಳಿ ನಾಣ್ಯದ ಹೆಸರು ‘ದೆನಾರಿಯುಸ್’. ಸಂಸ್ಕೃತ ಅದನ್ನು ‘ದೀನಾರ’ ಅಂತ ಮಾಡಿಕೊಂಡಿತು. ಅಂದ್ರೆ ನಮ್ಮ ನೆಲದೊಳಗೆ ಲ್ಯಾಟಿನ್ ಅಕ್ಷರಗಳು ಸುಮಾರು ಎರಡು ಸಾವಿರ ವರ್ಷದಿಂದ ಮಲಗಿದ್ದವು.

ಇನ್ನೊಂದು ಲ್ಯಾಟಿನ್ ಪದ ನಮ್ಮ ಮಾರುಕಟ್ಟೆಯಲ್ಲಿ ದಿನಾ ಓಡಾಡುತ್ತೆ: ಕ್ವಿಂಟಲ್. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಅಂತ ಘೋಷಣೆಯಾದಾಗ ಊರಿನ ಟೀ ಅಂಗಡಿಯಲ್ಲಿ ಆ ಪದ ಎಷ್ಟು ಸಲ ಬಂದಿರಬಹುದೋ! ಅದರ ಮೂಲ ‘ಸೆಂಟಿನೇರಿಯಂ’, ನೂರರದ್ದು ಅಂತ ಅರ್ಥ. ಲ್ಯಾಟಿನ್ನಿನಿಂದ ಪೂರ್ವದ ಕಡೆ ಹೋಗಿ, ಅರಬರ ಬಾಯಲ್ಲಿ ‘ಕಿಂತಾರ್’ ಆಗಿ, ಮತ್ತೆ ಯೂರೋಪಿಗೆ ವಾಪಸ್ ಬಂದು ‘ಕ್ವಿಂಟಲ್’ ಆಯ್ತು. ಅರ್ಧ ಲೋಕ ಸುತ್ತಿ ಬಂದರೂ ನೂರು ನೂರೇ. ಇವತ್ತೂ ಕ್ವಿಂಟಲ್ ಅಂದ್ರೆ ನೂರು ಕೆಜಿ. ನಮ್ಮಪ್ಪ ‘ನನಗೆ ಇಂಗ್ಲಿಷ್ ಬರಲ್ಲಪ್ಪ’ ಅಂತಾರೆ. ಆದರೆ ಅವರ ಒಂದು ದಿನದ ಮಾತಿನಲ್ಲಿ ಕ್ವಿಂಟಲ್, ಕರೆಂಟು (ಓಡೋದು), ಮೋಟ್ರು (ಅಲ್ಲಾಡಿಸೋದು), ಟ್ರಾಕ್ಟರ್ರು (ಎಳೆಯೋದು), ಸಬ್ಸಿಡಿ ಎಲ್ಲ ಬರುತ್ತೆ. ಎಲ್ಲವೂ ಲ್ಯಾಟಿನ್ನೇ.

ಪದಗಳ ಸಾಗಣೆ ಒಂದೇ ದಿಕ್ಕಿನದೂ ಅಲ್ಲ. ತೆಂಗಿನ ಸಸ್ಯಶಾಸ್ತ್ರದ ಹೆಸರು ‘ಕೋಕೋಸ್ ನ್ಯೂಸಿಫೆರಾ’. ‘ಕೋಕೋ’ ಅಂದ್ರೆ ಪೋರ್ಚುಗೀಸರಿಗೆ ಹಲ್ಲು ಕಿರಿಯೋ ಗುಮ್ಮನ ಮುಖ. ಕಾಯಿಯ ಮೂರು ಕಣ್ಣು ನೋಡಿ ಹಾಗಂದರು. ‘ನ್ಯೂಸಿಫೆರಾ’ ಅಂದ್ರೆ ಲ್ಯಾಟಿನ್ನಿನಲ್ಲಿ ‘ಕಾಯಿ ಹೊತ್ತದ್ದು’. ಆ ‘ನುಕ್ಸ್’ ಅನ್ನೋ ಕಾಯಿಯಿಂದಲೇ ‘ನ್ಯೂಕ್ಲಿಯಸ್’ ಬಂದಿದ್ದು. ಅರ್ಥ, ಕಾಯಿಯ ಒಳಗಿನ ತಿರುಳು. ಅಣುವಿನ ನ್ಯೂಕ್ಲಿಯಸ್, ಜೀವಕೋಶದ ನ್ಯೂಕ್ಲಿಯಸ್, ಬೆಂಗಳೂರಿನ ಟು ಬಿಎಚ್‌ಕೆಯೊಳಗಿನ ನ್ಯೂಕ್ಲಿಯರ್ ಫ್ಯಾಮಿಲಿ, ಎಲ್ಲವೂ ಚಿಪ್ಪಿನೊಳಗಿನ ತಿರುಳೇ. ಕನ್ನಡದಲ್ಲೂ ‘ಮಾತಿನ ತಿರುಳು’ ಅಂತೀವಲ್ಲ, ಅದೇ ದಾರಿ.

ಆ ತಿರುಳು ಒಣಗಿದರೆ ಕೊಬ್ಬರಿ. ಇಂಗ್ಲಿಷಿನಲ್ಲಿ ‘ಕೊಪ್ರ’. ಇದು ಲ್ಯಾಟಿನ್ ಅಲ್ಲ, ನಮ್ಮ ಕಡೆಯ ಪದ. ಮಲಬಾರಿನ ದಡದಲ್ಲಿ ಮಲಯಾಳದ ‘ಕೊಪ್ಪರ’ವನ್ನು ಪೋರ್ಚುಗೀಸರು ಎತ್ತಿಕೊಂಡು ಹೋದರು, ಅವರಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ‘ಕೊಬ್ಬರಿ’ ಅದರ ಒಡಹುಟ್ಟು. ತಿಪಟೂರಿನ ಉಂಡೆ ಕೊಬ್ಬರಿ ನೋಡದವರಿಗೆ ಹೇಳ್ತೀನಿ: ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಕಾಯಿ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಒಳಗಿನ ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆಯಬೇಕು. ಪದದ ಬೇರು ಹುಡುಕೋದೂ ಹೆಚ್ಚುಕಮ್ಮಿ ಇದೇ ಕೆಲಸ. ಜೋರಾಗಿ ಹೊಡೆದರೆ ಹೋಳಾಗುತ್ತೆ, ರೇಟು ಬೀಳುತ್ತೆ.

ಜೋರಾಗಿ ಹೊಡೆಯೋರೂ ಇದ್ದಾರೆ. ವಾಟ್ಸಾಪಿನಲ್ಲಿ, ಲಿಂಕ್ಡ್‌ಇನ್ನಿನಲ್ಲಿ ಬರೋ ಪದದ ಕಥೆಗಳಲ್ಲಿ ಸುಮಾರು ಬರೀ ಹೊಟ್ಟು. ‘ಸಿನ್ಸಿಯರ್’ ಅಂದ್ರೆ ಮೇಣ ಹಚ್ಚದ ಶಿಲ್ಪ ಅನ್ನೋ ಕಥೆಗೆ ಆಧಾರವಿಲ್ಲ. ‘ಸ್ಯಾಲರಿ’ ಪದದಲ್ಲಿ ಉಪ್ಪು ಇರೋದು ನಿಜ, ‘ಸಾಲ್’ ಅಂದ್ರೆ ಉಪ್ಪು. ಆದರೆ ರೋಮನ್ ಸೈನಿಕರಿಗೆ ಸಂಬಳವನ್ನೇ ಉಪ್ಪಿನಲ್ಲಿ ಅಳೆದು ಕೊಡ್ತಿದ್ದರು ಅನ್ನೋದಕ್ಕೆ ಹಳೆಯ ಸಾಕ್ಷಿ ಇಲ್ಲ. ‘ಇನ್‌ಪುಟ್’ನಲ್ಲಿರೋ ‘ಪುಟ್’ ಇಂಗ್ಲಿಷಿನದೇ, ಬಳ್ಳಿ ಸವರೋ ‘ಪುಟಾರೆ’ ಅಲ್ಲ. ನಮ್ಮ ಅಟ್ಟಕ್ಕೂ ಇಂಗ್ಲಿಷಿನ ‘ಆಟಿಕ್’ಗೂ ನೆಂಟಸ್ತನ ಹಚ್ಚೋರಿದ್ದಾರೆ. ಆಟಿಕ್ ಬಂದಿದ್ದು ಗ್ರೀಸಿನ ಅಟಿಕಾ ಪ್ರಾಂತ್ಯದ ಕಟ್ಟಡ ಶೈಲಿಯಿಂದ. ಸದ್ದು ಒಂದೇ ಇದ್ದ ಮಾತ್ರಕ್ಕೆ ನೆಂಟರಾಗಲ್ಲ. ಎರಡು ಟೆಂಡರ್ ನೋಡಿದೆವಲ್ಲ.

ಆದರೆ ನಿಜವಾದ ನೆಂಟಸ್ತನಗಳೂ ಇವೆ. ‘ಪ್ರೆಸಿಡೆಂಟ್’ ಅಂದ್ರೆ ಮುಂದೆ ಕೂತವನು. ಲ್ಯಾಟಿನ್ನಿನಲ್ಲಿ ‘ಸೆದೆರೆ’ ಅಂದ್ರೆ ಕೂರು. ‘ಸಬ್ಸಿಡಿ’ಯೂ ಅದೇ ಕೂರೋ ಪದ, ಯುದ್ಧದಲ್ಲಿ ಹಿಂದೆ ಕಾದು ಕೂತಿದ್ದು ಬೇಕಾದಾಗ ನೆರವಿಗೆ ಬರೋ ಪಡೆ. ಡ್ರಿಪ್ ಪೈಪಿನ ಸಬ್ಸಿಡಿಗೆ ಅರ್ಜಿ ಹಾಕಿ ಕಾದು ಕೂತವರಿಗೆ ‘ಕೂರೋದು’ ಚೆನ್ನಾಗಿ ಅರ್ಥವಾಗುತ್ತೆ. ಈ ‘ಸೆದೆರೆ’ಗೆ ಸಂಸ್ಕೃತದ ‘ಸದ್’ ಅಕ್ಕತಂಗಿ. ಸದನ, ಸದಸ್ಯ, ಪರಿಷತ್ತು ಎಲ್ಲ ಅಲ್ಲಿಂದ ಬಂದು ಕನ್ನಡದಲ್ಲಿ ಕೂತಿವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಅಂತ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಕನ್ನಡ ಬೇರೆ ಮನೆತನದ್ದು, ದ್ರಾವಿಡ. ಆದರೂ ಕೊಡುಕೊಳ್ಳುವಿಕೆಯಿಂದ ಆ ಮನೆಯ ಸಾಮಾನು ನಮ್ಮ ಮನೆಯಲ್ಲೂ ಬೇಕಾದಷ್ಟಿದೆ.

ಪ್ರೆಸಿಡೆಂಟ್ ಅಂದಾಗ ನನಗೆ ನಮ್ಮ ಕಡೆಯವರೇ ಒಬ್ಬರು ನೆನಪಾಗ್ತಾರೆ. ತೀ.ನಂ.ಶ್ರೀಕಂಠಯ್ಯ. ಹೆಸರಿನ ‘ತೀ’ ಅಂದ್ರೆ ತೀರ್ಥಪುರ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಊರು. 1906ರಲ್ಲಿ ಹುಟ್ಟಿದವರು, ‘ಭಾರತೀಯ ಕಾವ್ಯಮೀಮಾಂಸೆ’ ಬರೆದವರು. ‘ರಾಷ್ಟ್ರಪತಿ’ ಅನ್ನೋ ಪದ ಬಳಕೆಗೆ ಬಂದಿದ್ದರ ಜೊತೆ ಅವರ ಹೆಸರನ್ನು ನೆನೆಯೋದುಂಟು. ಇನ್ನೊಬ್ಬ ಶ್ರೀಕಂಠಯ್ಯನವರು ಬಿ.ಎಂ.ಶ್ರೀ. ಅವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಇಂಗ್ಲಿಷ್ ಮೇಷ್ಟ್ರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯ ಮೇಲೆ ಭಾಷಣ ಮಾಡಿದರು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ತಂದರು. ಇಂಗ್ಲಿಷನ್ನು ಕನ್ನಡದ ಅಂಗಳಕ್ಕೆ ಕರೆದು ಕೂರಿಸಿದ ಮನುಷ್ಯ ಹುಟ್ಟಿದ್ದು ಈ ತೆಂಗಿನ ಸೀಮೆಯಲ್ಲಿ. ಅದೇ ಸೀಮೆಯ ಹುಡುಗ ಇಂಗ್ಲಿಷ್ ಪದಕ್ಕೆ ಹೆದರಿ ಬಿಇ ಬಿಟ್ಟು ಬಂದ ಅನ್ನೋದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯದ ಮಾತು.

ಆ ಹುಡುಗ ಈಗ ಹೇಗಿದ್ದಾನೆ ಅಂತೀರಾ? ಚೆನ್ನಾಗಿದ್ದಾನೆ. ಕೊಬ್ಬರಿ ವ್ಯಾಪಾರ ಮಾಡ್ತಾನೆ. ರೈತರ ಅಟ್ಟದಿಂದ ಮಾಲು ಎತ್ತಿ ತಿಪಟೂರಿಗೆ ತರ್ತಾನೆ. ಮಾರುಕಟ್ಟೆಯ ಇಂಗ್ಲಿಷೆಲ್ಲ ಅವನ ಬೆರಳ ತುದಿಯಲ್ಲಿದೆ. ನನ್ನ ಅನುಕಂಪ ಅವನಿಗೆ ಬೇಕಾಗಿಲ್ಲ. ಹೋದ ವರ್ಷ ಊರ ಹಬ್ಬಕ್ಕೆ ಬಂದಿದ್ದ. ಬಾಡೂಟ ಆದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದಾಗ ಅವನಿಗೆ ಇನರ್ಷಿಯಾ ಅಂದ್ರೆ ಸೋಮಾರಿತನ, ಈಕ್ವಿಲಿಬ್ರಿಯಂ ಅಂದ್ರೆ ತಕ್ಕಡಿ, ಕ್ಯಾಲ್ಕುಲಸ್ ಅಂದ್ರೆ ಕಲ್ಲು ಅಂತೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದ.

‘ಇದನ್ನ ಆವತ್ತೇ ಯಾರಾದ್ರೂ ಹೇಳಿದ್ರೆ ಪಾಸಾಗ್ತಿದ್ನೇನೋ ಕಣೋ’ ಅಂದ. ನಗ್ತಾನೇ ಅಂದ. ನನಗೆ ನಗೋಕೆ ಆಗಲಿಲ್ಲ.

ಪಾಸಾಗ್ತಿದ್ದನೋ ಇಲ್ಲವೋ. ಬೇರು ಗೊತ್ತಾದ ಮಾತ್ರಕ್ಕೆ ಇಂಗ್ಲಿಷ್ ಮಾತಾಡೋಕೆ ಬರಲ್ಲ. ಇಂಟರ್ವ್ಯೂನಲ್ಲಿ ಯಾರೂ ಲ್ಯಾಟಿನ್ ಕೇಳಲ್ಲ. ಪದದ ಹಳೇ ಅರ್ಥ ಇಟ್ಟುಕೊಂಡು ಇವತ್ತಿನ ವಾಕ್ಯ ಬರೆಯೋಕೂ ಆಗಲ್ಲ. ‘ನನ್ನ ಒಲೆ ಈ ಪ್ರಾಜೆಕ್ಟ್ ಮೇಲಿದೆ’ ಅಂದ್ರೆ ಮ್ಯಾನೇಜರು ಎಚ್‌ಆರ್‌ಗೆ ಫೋನ್ ಮಾಡ್ತಾರೆ. ಆದರೆ ಹೆದರಿಕೆ ಇಳಿಯುತ್ತೆ. ಹೆದರಿಕೆ ಇಳಿದ ಮೇಲೆ ಓದೋಕೆ ಜಾಗ ಸಿಗುತ್ತೆ. ನಮ್ಮಂಥ ಕಡೆಯಿಂದ ಬಂದವರಿಗೆ ಮೊದಲ ಎರಡು ಸೆಮಿಸ್ಟರಿನಲ್ಲಿ ಬೇಕಾಗಿರೋದು ಅಷ್ಟೇ.

ಹಾಗಾಗಿ ಆ ಹಬ್ಬದ ಮುಂದಿನ ತಿಂಗಳಿಂದ ಭಾನುವಾರ ಸಂಜೆ ಒಂದು ಗಂಟೆ ಊರಿನ ಪಿಯುಸಿ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಕೂರ್ತಿದ್ದೀನಿ. ಮೊದಲು ಐದು ಜನ ಇದ್ದರು, ಈಗ ಒಂಬತ್ತು. ವಾರಕ್ಕೆ ಹತ್ತು ಪದ, ಅವರ ಫಿಸಿಕ್ಸ್, ಬಯಾಲಜಿ ಪುಸ್ತಕದಿಂದ ಅವರೇ ಆರಿಸಿದ್ದು. ಮೊದಲು ಅರ್ಥ ಹೇಳಲ್ಲ. ಪದದೊಳಗಿರೋ ಕೆಲಸ ಯಾವುದು, ಅದನ್ನು ನಮ್ಮೂರಲ್ಲಿ ಯಾರು ಮಾಡ್ತಾರೆ, ಏನಂತಾರೆ ಅಂತ ಕೇಳ್ತೀನಿ. ಅವರು ಮನೆಯಲ್ಲಿ ಕೇಳಿಕೊಂಡು ಬರ್ತಾರೆ. ಹೀಗೆ ನನಗೇ ಗೊತ್ತಿಲ್ಲದ ನಮ್ಮೂರಿನ ಪದಗಳು ಸಿಕ್ಕಿವೆ. ನೆಟ್‌ವರ್ಕ್ ಹೋದರೆ ತೋಟದ ಬೋರ್‌ವೆಲ್ ಶೆಡ್ಡಿನ ಹತ್ತಿರ ಹೋಗಿ ನಿಂತು ಮತ್ತೆ ಬರ್ತಾರೆ. ‘ಅಣ್ಣಾ, ಹಂಗಾದ್ರೆ ರೋಮಿನೋರೂ ನಮ್ ಥರಾನೇ ವ್ಯವಸಾಯದೋರಾ?’ ಅಂತ ಒಬ್ಬ ಕೇಳಿದ. ಸುಮಾರು ಜನ ಹೌದಪ್ಪ ಅಂದೆ.

ಆ ಗುಂಪಿನ ಒಬ್ಬ ಹುಡುಗಿಗೆ ಈ ವರ್ಷ ಬಿಇ ಸೀಟು ಸಿಕ್ಕಿದೆ. ಅವರ ಮನೆಯಿಂದ ಎಂಜಿನಿಯರಿಂಗ್‌ಗೆ ಹೋಗ್ತಿರೋರಲ್ಲಿ ಅವಳೇ ಮೊದಲು. ಅವರಪ್ಪ ಮರ ಹತ್ತೋರು, ನಮ್ಮ ತೋಟದ ಮರಗಳ ಸುಳಿ ಚೊಕ್ಕ ಮಾಡೋರೂ ಅವರೇ. ಹೊರಡೋ ಮುಂಚಿನ ಭಾನುವಾರ ‘ಅಣ್ಣಾ, ಎಲ್ಲರೂ ಕ್ಯಾಂಪಸ್ ಕ್ಯಾಂಪಸ್ ಅಂತಾರಲ್ಲ, ಅದೇನು?’ ಅಂದಳು.

‘ಬಯಲು’ ಅಂದೆ. ‘ಲ್ಯಾಟಿನ್ನಿನಲ್ಲಿ ಕ್ಯಾಂಪಸ್ ಅಂದ್ರೆ ಬಯಲು, ಮಟ್ಟವಾದ ಹೊಲ.’

ಬರ್ಕೊಂಡಳು. ಆಮೇಲೆ ಹಾಸ್ಟೆಲ್ಲಿಗೆ ಏನೇನು ತಗೊಂಡು ಹೋಗಬೇಕು ಅಂತ ಕೇಳೋಕೆ ಶುರು ಮಾಡಿದಳು. ಬಕೆಟ್ಟು, ಬೀಗ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಅಂತ ಪಟ್ಟಿ ಹೇಳಿದೆ. ಡಿಕ್ಷನರಿ ನಾನು ಕಳಿಸ್ತೀನಿ ಅಂತಲೂ ಹೇಳಿದ್ದೀನಿ. ಚೌಕ ಕಂಸದ್ದು.